ಬೆಂಗಳೂರಿನಿಂದ ನೇಟಾಲ್‌ಗೆ ಹೋದ ಮುತ್ತಾತನ ಜಾಡು ಹಿಡಿಯುವುದು ಹೇಗೆ?

ನಿಮ್ಮ ಮುತ್ತಾತನವರು ಬೆಂಗಳೂರಿನ ಕಡೆಯಿಂದ ಮದರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕದ ನೇಟಾಲ್‌ನ ಕಬ್ಬಿನ ತೋಟ ಸೇರಿದರೆಂದು ಮನೆಯ ಹಿರಿಯರು ಹೇಳುತ್ತಾರೆ, ಮುಂದೇನಾಯಿತೆಂಬುದು ಯಾರಿಗೂ ತಿಳಿಯದು ಎಂದು ಬರೆದಿದ್ದೀರಿ. ಹುಡುಕಾಟವನ್ನು ಹಡಗಿನ ಪಟ್ಟಿಗಳಿಂದ ಆರಂಭಿಸುವುದೇ ಸರಿ. 1860ರಿಂದ 1911ರವರೆಗೆ ಕರಾರು ಕೂಲಿಗಳಾಗಿ ನೇಟಾಲ್‌ಗೆ ಹೋದ ಸುಮಾರು 1,52,000 ಭಾರತೀಯರಿಗೆ ಒಂದೊಂದು ಸಂಖ್ಯೆ ಕೊಡಲಾಗಿತ್ತು. ಪಟ್ಟಿಯಲ್ಲಿ ಆ ಸಂಖ್ಯೆಯ ಎದುರಿಗೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಮಚ್ಚೆ ಅಥವಾ ಗಾಯದ ಗುರುತುಗಳನ್ನು ಬರೆಯುತ್ತಿದ್ದರು.

ಹೆಸರೊಂದನ್ನೇ ನಂಬಬೇಡಿ. ಕನ್ನಡದ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುವುದರಿಂದ ತಂದೆಯ ಹೆಸರು, ವಯಸ್ಸು, ಊರು ಮೂರನ್ನೂ ಕೂಡಿಸಿ ನೋಡಬೇಕು. ಬೆಂಗಳೂರು ಎಂದಿದ್ದರೆ ಅದು ಪೇಟೆಯೇ ಆಗಬೇಕಿಲ್ಲ. ಹೊಸಕೋಟೆ, ದೇವನಹಳ್ಳಿ, ಮಾಗಡಿಗಳೂ ಆಗ ಬೆಂಗಳೂರು ಜಿಲ್ಲೆಗೇ ಸೇರಿದ್ದವು.

ಸಂಖ್ಯೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ವಲಸೆ ಕೂಲಿಗಳ ರಕ್ಷಕಾಧಿಕಾರಿಯ ಕಚೇರಿಯ ಕಾಗದಪತ್ರಗಳು ದಕ್ಷಿಣ ಆಫ್ರಿಕದ ಪತ್ರಾಗಾರದಲ್ಲಿದ್ದು, ಅವುಗಳಲ್ಲಿ ಒಬ್ಬ ವ್ಯಕ್ತಿಯನ್ನು ಗುರುತಿಸಲು ಹೆಸರಿಗಿಂತ ಆ ಸಂಖ್ಯೆಯೇ ಹೆಚ್ಚು ನೆರವಾಗುತ್ತದೆ. ಅವರು ಹೋದ ವರ್ಷವೂ ಮುಖ್ಯ. 1895ರ ಕಾನೂನಿನ ಪ್ರಕಾರ, ಅನಂತರ ಬಂದವರು ಕರಾರು ಮುಗಿದ ಮೇಲೆ ಊರಿಗೆ ಮರಳಬೇಕಿತ್ತು, ಇಲ್ಲವೇ ಮತ್ತೆ ಕರಾರಿಗೆ ಸಹಿ ಹಾಕಬೇಕಿತ್ತು, ಎರಡೂ ಒಲ್ಲದಿದ್ದರೆ ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕಿತ್ತು. ಬಡ ಕೂಲಿಗೆ ಅದು ಎಂಥ ಕ್ರೂರ ಹೊರೆ! ಆದ್ದರಿಂದ ಮರಳಿದವರ ಪಟ್ಟಿಯನ್ನೂ ಮರುಕರಾರಿನ ದಾಖಲೆಯನ್ನೂ ನೋಡದೆ ಅವರು ಅಲ್ಲೇ ತೀರಿಕೊಂಡರೆಂದು ವಂಶವೃಕ್ಷದಲ್ಲಿ ಬರೆದುಬಿಡಬೇಡಿ.