‘ಸೆಂಟಿನೆಲ್ಸ್ ಆಫ್ ದ ಮಲ್ಟಿವರ್ಸ್’ ಆಟಕ್ಕೆ ಇನ್ನೊಂದು ಅವಕಾಶ ಕೊಡಬಹುದೇ?

ಖಂಡಿತ ಕೊಡಿ. ಆಟಗಾರರೆಲ್ಲ ಸೂಪರ್‌ಹೀರೋ ನಾಯಕರಾಗಿ ಒಬ್ಬ ಖಳನ ವಿರುದ್ಧ ಒಟ್ಟಾಗಿ ಹೋರಾಡುವ 2011ರ ಈ ಸಹಕಾರಿ ಕಾರ್ಡ್ ಆಟವನ್ನು ಹಲವರು ಬಿಡುವುದು ಲೆಕ್ಕದ ಕಾಟಕ್ಕೆ. ಪೆಟ್ಟನ್ನು ಒಂದರಷ್ಟು ಹೆಚ್ಚಿಸುವ, ಒಂದರಷ್ಟು ತಗ್ಗಿಸುವ ಕಾರ್ಡುಗಳು ಮೇಜಿನ ತುಂಬ ಹರಡಿ, ಯಾವುದೋ ಒಂದು ಮರೆತೇ ಹೋಗುತ್ತದೆ. ಅಂಥ ಪ್ರತಿ ಕಾರ್ಡಿಗೂ ಟೋಕನ್ ಇಟ್ಟು ಗುರುತಿಸಿ. ಮೊದಲ ಸಲ ಮೂವರೇ ನಾಯಕರು ಸಾಕು. ನಾಯಕರಲ್ಲಿ ಲೆಗಸಿ, ರಾ ಸುಲಭ, ಆಬ್ಸಲ್ಯೂಟ್ ಝೀರೋ ಕಷ್ಟ, ಬೇಡ. ಖಳನಾಗಿ ಬ್ಯಾರನ್ ಬ್ಲೇಡ್ ಇರಲಿ.

ಸರದಿ ಸರಳ: ಒಂದು ಕಾರ್ಡ್ ಆಡಿ, ಒಂದು ಶಕ್ತಿ ಬಳಸಿ, ಒಂದು ಕಾರ್ಡ್ ಎಳೆಯಿರಿ. ಮೊದಲೆರಡನ್ನೂ ಬಿಟ್ಟರೆ ಎರಡು ಎಳೆಯಬಹುದು. ಪ್ರತಿ ನಾಯಕನಿಗೂ 40 ಕಾರ್ಡುಗಳ ಪ್ರತ್ಯೇಕ ಕಟ್ಟು, ಆಡುವ ರೀತಿಯೇ ಬೇರೆ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಇನ್ನೊಂದು: ನಾಯಕ ಸೋತು ಬಿದ್ದರೂ ಅವನ ಕಾರ್ಡ್ ಮಗುಚಿ, ಪ್ರತಿ ಸರದಿಯಲ್ಲೂ ಅದರ ಹಿಂಬದಿಯ ಮೂರು ನೆರವುಗಳಲ್ಲಿ ಒಂದನ್ನು ಕೊಡಬಹುದು, ಯಾರೂ ಸುಮ್ಮನೆ ಕೂರಬೇಕಿಲ್ಲ.