ಇಳಿತದ ವೇಳೆ ನೋಡಿ ಬಸ್ ಗೊತ್ತುಮಾಡಿ

ಪ್ರಶ್ನೆ: ಜನವರಿಯಲ್ಲಿ ಕಾರವಾರದ ಕಡೆ ಹೋಗಿ ಕಲ್ಲುತೀರದ ಜೀವಿಗಳ ಸಮೀಕ್ಷೆ ಮಾಡಬೇಕೆಂದಿದ್ದೇವೆ. ನಮ್ಮಲ್ಲಿ ಸಮುದ್ರ ಕಂಡವರೇ ಕಡಿಮೆ. ಏನೇನು ಒಯ್ಯಬೇಕು, ಎಲ್ಲಿಂದ ಶುರು ಮಾಡಬೇಕು?
– ಬಿ.ಎಸ್ಸಿ. ವಿದ್ಯಾರ್ಥಿಗಳು, ತುಮಕೂರು

ಉತ್ತರ: ಬಸ್ ಗೊತ್ತುಮಾಡುವ ಮುಂಚೆ ಇಳಿತದ ವೇಳೆ ನೋಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಆ ವೇಳೆ ದಿನಾ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಕೆಳಗಿಳಿಯುತ್ತದೆ. ಒಂದೇ ದಿನದ ಎರಡು ಇಳಿತಗಳೂ ಸಮನಾಗಿರುವುದಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ ಮುನ್ಸೂಚನೆಯಲ್ಲಿ ಹತ್ತಿರದ ಬಂದರಿನ ಪಟ್ಟಿ ನೋಡಿ, ಹಗಲಲ್ಲಿ ಬರುವ ದೊಡ್ಡ ಇಳಿತದ ದಿನ ಆರಿಸಿ. ರಾತ್ರಿಯಿಡೀ ಪ್ರಯಾಣ ಮಾಡಿ ಉಬ್ಬರದ ಹೊತ್ತಿಗೆ ತಲುಪಿದರೆ ನೋಡಬೇಕಾದ ಬಂಡೆಗಳೆಲ್ಲ ನೀರಿನಡಿ ಇರುತ್ತವೆ.

ಬಂಡೆಯ ಮೇಲಿಟ್ಟು ಅದರೊಳಗಿನ ಜೀವಿಗಳನ್ನು ಲೆಕ್ಕ ಹಾಕಲು ಚೌಕಾಕಾರದ ಚೌಕಟ್ಟೊಂದನ್ನು ಊರಲ್ಲೇ ಮಾಡಿಕೊಳ್ಳಿ. ಅರ್ಧ ಇಂಚಿನ ಪಿವಿಸಿ ಪೈಪು ಎರಡು ಮೀಟರು, ನಾಲ್ಕು ಎಲ್ಬೋ ಸಾಕು. ಜೋಡಿಸಿದ ಮೇಲೆ ಒಳಗಿನ ಅಳತೆ 50 ಸೆಂ.ಮೀ. ಬರಬೇಕು. ಎಲ್ಬೋ ಒಂದಿಷ್ಟು ಜಾಗ ತಿನ್ನುವುದರಿಂದ ಜೋಡಿಸಿ ನೋಡಿಯೇ ಪೈಪು ಕತ್ತರಿಸಿ. 10 ಸೆಂ.ಮೀ.ಗೊಂದು ತೂತು ಕೊರೆದು ನೈಲಾನ್ ದಾರ ಎಳೆದರೆ 25 ಮನೆಗಳಾಗುತ್ತವೆ, ಒಂದು ಮನೆ ಎಂದರೆ ಚೌಕದ ಜಾಗದ ಶೇ 4. ಆ ತೂತುಗಳಿಂದ ಪೈಪಿನೊಳಗೆ ನೀರು ಹೋಗುವುದರಿಂದ ಚೌಕಟ್ಟು ತೇಲುವುದೂ ಇಲ್ಲ.

ಉಬ್ಬರದ ಗೆರೆಯಿಂದ ನೀರಿನ ಅಂಚಿಗೆ ನೇರವಾಗಿ ಟೇಪು ಎಳೆಯಿರಿ. ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ಮೇಲಿನಿಂದ ಶುರು ಮಾಡಿ, ನೀರು ಇಳಿದಂತೆ ನೀವೂ ಇಳಿಯಿರಿ. ಮೇಲ್ಭಾಗ, ನಡುಭಾಗ, ಕೆಳಭಾಗ ಒಂದೊಂದರಲ್ಲೂ ಕನಿಷ್ಠ ಐದು ಚೌಕ ಇಡಿ. ಪಾಚಿ, ಬಾರ್ನಕಲ್‌ (ಬಂಡೆಗೆ ಅಂಟಿಕೊಂಡೇ ಬದುಕುವ ಪುಟ್ಟ ಚಿಪ್ಪುಜೀವಿ) ಇವನ್ನು ಆವರಿಸಿದ ಜಾಗದ ಲೆಕ್ಕದಲ್ಲಿ ಬರೆಯಿರಿ, ಬಸವನಹುಳು, ಏಡಿಗಳನ್ನು ಎಣಿಸಿ. ಪಾಚಿಯ ಕೆಳಗೂ ಬಾರ್ನಕಲ್ ಇರುವುದರಿಂದ ಒಟ್ಟು ನೂರು ದಾಟಬಹುದು. ಅದನ್ನು ಎಳೆದು ನೂರಕ್ಕೆ ಇಳಿಸಬೇಡಿ.

ಹೆಚ್ಚಿನ ತಂಡಗಳ ಲೆಕ್ಕ ಕೆಡುವುದು ಚೌಕ ಇಡುವ ಜಾಗದಲ್ಲಿ. ಕಣ್ಣು ತಾನಾಗಿ ಜೀವಿ ತುಂಬಿದ ಬಂಡೆಯ ಕಡೆಗೇ ಹೋಗುತ್ತದೆ. ಅದಕ್ಕೇ ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು, ಟೇಪಿನ ಮೇಲೆ ಆ ಅಂಕಿ ಬಂದ ಕಡೆ, ಬರೀ ಬಂಡೆಯಾದರೂ ಸರಿ, ಚೌಕ ಇಡಿ. ಖಾಲಿ ಚೌಕವೂ ಮಾಹಿತಿಯೇ. ಮೊದಲ ಮೂರು ಚೌಕಗಳನ್ನು ಇಬ್ಬರು ಬೇರೆಬೇರೆಯಾಗಿ ಅಂದಾಜಿಸಿ ತಾಳೆ ನೋಡಿ. ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇನ್ನಷ್ಟು ಅಭ್ಯಾಸ ಬೇಕು.

ಒಂದೇ ಭೇಟಿಯಿಂದ ತೀರ ಹದಗೆಟ್ಟಿದೆ, ಚೆನ್ನಾಗಿದೆ ಎಂದು ಬರೆಯಬೇಡಿ, ದಯವಿಟ್ಟು. ಮುಂದಿನ ವರ್ಷದ ತಂಡ ಅದೇ ಜಾಗಕ್ಕೆ, ಅದೇ ತಿಂಗಳಲ್ಲಿ, ಅಂಥದೇ ಇಳಿತಕ್ಕೆ ಬಂದಾಗ ನಿಮ್ಮ ಅಂಕಿಗೆ ಬೆಲೆ ಬರುತ್ತದೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರು ಆಚೀಚೆ ತೋರಿಸುತ್ತದೆ, ಆದ್ದರಿಂದ ಗುರುತಿನ ಬಂಡೆಯ ಫೋಟೊ, ದಿಕ್ಕು ಎರಡನ್ನೂ ದಾಖಲಿಸಿ. ಒಬ್ಬರು ಸದಾ ಸಮುದ್ರದ ಕಡೆ ಮುಖ ಮಾಡಿ ನಿಂತಿರಲಿ. ನೀರು ತಿರುಗಿದ ಕೂಡಲೇ ಮೇಲೆ ಬನ್ನಿ.

ಪ್ರಶ್ನೆ: ಮಕ್ಕಳು ಕಡಲತೀರದಿಂದ ಚಿಪ್ಪು, ಹವಳ ತಂದು ಶಾಲೆಯಲ್ಲಿ ಇಡಬಹುದೇ?
– ಶಿಕ್ಷಕಿ, ಚಿಕ್ಕಬಳ್ಳಾಪುರ

ಉತ್ತರ: ಬೇಡಮ್ಮ. ಹವಳ, ಕಡಲ ಕುದುರೆ, ಸಮುದ್ರ ಸೌತೆ ಮತ್ತು ಕೆಲವು ಶಂಖಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಖಾಲಿ ಚಿಪ್ಪೂ ಸನ್ಯಾಸಿ ಏಡಿಗೆ ಮನೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊ ಪಾಠಕ್ಕೆ ಸಾಕು.

ಪ್ರಶ್ನೆ: ನಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುತ್ತದೆ. ಕರಾವಳಿಯಲ್ಲಿ ಆಮ್ಲಜನಕ ಅಳೆಯುವ ವಿಧಾನ ಇಲ್ಲಿಗೂ ಆಗುತ್ತದೆಯೇ?
– ರೈತ, ಕೋಲಾರ ತಾಲ್ಲೂಕು

ಉತ್ತರ: ಆಗುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ರಾಸಾಯನಿಕ ಹಾಕಿ ಅಳೆಯುವ ವಿಂಕ್ಲರ್ ವಿಧಾನ ಎರಡೂ ಕಡೆ ನಡೆಯುತ್ತದೆ. ಹೋಲಿಸುವಾಗ ಮಾತ್ರ ಎಚ್ಚರವಿರಲಿ: 28 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.8 ಮಿ.ಗ್ರಾಂ ಆಮ್ಲಜನಕ ಹಿಡಿಯುತ್ತದೆ, ಸಮುದ್ರದ ನೀರು ಸುಮಾರು 6.4.

300 ಮಿ.ಲೀ. ಬಿಒಡಿ ಬಾಟಲಿಯನ್ನು (ಇಂಥ ಪರೀಕ್ಷೆಗೆ ಬಳಸುವ ಬಿರಡೆಯ ಗಾಜಿನ ಬಾಟಲಿ) ನೀರಿನೊಳಗೇ ನಿಧಾನವಾಗಿ ತುಂಬಿ, ಅಲ್ಲೇ ಬಿರಡೆ ಹಾಕಿ. ಗುಳ್ಳೆ ಉಳಿದರೆ ಅಂಕಿ ಸುಳ್ಳಾಗುತ್ತದೆ, ಚೆಲ್ಲಿ ಮತ್ತೆ ತುಂಬಿ. ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಕ್ಷಾರೀಯ ಅಯೊಡೈಡ್-ಅಜೈಡ್ 2 ಮಿ.ಲೀ. ಸೇರಿಸಿ ತಲೆಕೆಳಗು ಮಾಡಿ ಬೆರೆಸಿ. ಕಂದು ಗಷ್ಟು ಬಂದರೆ ಆಮ್ಲಜನಕ ಇದೆ, ಬೆಳ್ಳಗೇ ಉಳಿದರೆ ಇಲ್ಲ. ಗಷ್ಟು ಕೆಳಗಿಳಿದ ಮೇಲೆ ಗಾಢ ಗಂಧಕಾಮ್ಲ 2 ಮಿ.ಲೀ. ಹಾಕಿ ಕರಗಿಸಿ. ಮುಂದಿನದು ಪ್ರಯೋಗಾಲಯದಲ್ಲಿ: ಮೂಲ ನೀರಿನ 200 ಮಿ.ಲೀ.ಗೆ ಸಮನಾದಷ್ಟನ್ನು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ (ಬಣ್ಣ ಹೋಗುವವರೆಗೆ ಹನಿಹನಿಯಾಗಿ ಸೇರಿಸಿದರೆ), ಖರ್ಚಾದ ಒಂದೊಂದು ಮಿ.ಲೀ.ಗೂ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. ಅಜೈಡ್ ವಿಷ, ಆಮ್ಲ ಚರ್ಮ ಸುಡುತ್ತದೆ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಜೊತೆಗೆ ಕರೆದುಕೊಳ್ಳಿ, ಕೈಗವಸು, ಕನ್ನಡಕ ಹಾಕಿ, ಉಳಿಕೆಯನ್ನು ಕೆರೆಗೆ ಸುರಿಯಬೇಡಿ.

ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಅಳೆದು ಸಮಾಧಾನ ಪಡಬೇಡಿ. ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ಖಾಲಿ ಮಾಡುತ್ತದೆ. ಮೀನು ಸಾಯುವುದು ಹೆಚ್ಚಾಗಿ ನಸುಕಿನಲ್ಲಿ. ಸೂರ್ಯ ಹುಟ್ಟುವ ಮೊದಲೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಅಳೆಯಿರಿ. ಮೀನುಗಾರಿಕೆಯ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಲೀಟರಿಗೆ ಕನಿಷ್ಠ 4 ಮಿ.ಗ್ರಾಂ. ಭಾರಲೋಹ, ರೋಗಾಣುಗಳ ಬಗ್ಗೆ ಈ ಪರೀಕ್ಷೆ ಏನೂ ಹೇಳುವುದಿಲ್ಲ. ಅವನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲೇ ಮಾಡಿಸಬೇಕು.