ಬಸ್ ಮುಷ್ಕರ ಅವರದು, ಪಗಾರ ಕಟ್ ನಮ್ಮದು ಯಾಕೆ?

ಬಸ್ ನೌಕರರು ಮುಷ್ಕರ ಹೂಡಿದರೆ ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಕೆಲಸಗಾರನ ಹಾಜರಿ ಹೋಗುತ್ತದೆ, ಅವರದೇನೂ ಹೋಗುವುದಿಲ್ಲವೇ ಎಂಬುದು ಪ್ರಶ್ನೆ.

ಅವರದೂ ಹೋಗುತ್ತದೆ. ಕೆಲಸವಿಲ್ಲದ ದಿನಕ್ಕೆ ಸಂಬಳವಿಲ್ಲ ಎಂಬ ನಿಯಮ ಇಬ್ಬರಿಗೂ ಒಂದೇ. ಸರ್ಕಾರಿ ನೌಕರರಿಗಿದ್ದ ಆರನೇ ವೇತನ ಆಯೋಗದ ಸಂಬಳ ತಮಗೂ ಬೇಕೆಂದು ಬಸ್ ನೌಕರರು 2021ರ ಏಪ್ರಿಲ್ 7ರಿಂದ ನಡೆಸಿದ ಮುಷ್ಕರದಲ್ಲಿ ಅಮಾನತು, ವರ್ಗಾವಣೆ, ವಜಾ ಎಲ್ಲವೂ ಆದವು. ಸರ್ಕಾರಿ ನಿಲ್ದಾಣದಿಂದಲೇ ಖಾಸಗಿ ಬಸ್ ಓಡಿಸಿದರು.

ಹೊಟ್ಟೆಯುರಿ ಹುಟ್ಟುವುದು ಬೇರೆ ಕಡೆ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ಮುಷ್ಕರಕ್ಕಿಳಿದರು. ಅದೇ ದಿನ ಮೂಲವೇತನದ ಶೇ. 17 ಮಧ್ಯಂತರ ಪರಿಹಾರದ (ವೇತನ ಪರಿಷ್ಕರಣೆ ಆಗುವವರೆಗೆ ಕೊಡುವ ಹೆಚ್ಚುವರಿ ಹಣ) ಆದೇಶ ಬಂತು. ಕನಿಷ್ಠ ವೇತನದ ಮೇಲೆ ದುಡಿಯುವವನ ತುಟ್ಟಿಭತ್ಯೆ ವರ್ಷಕ್ಕೊಮ್ಮೆ, ಏಪ್ರಿಲ್ 1ಕ್ಕೆ ಮಾತ್ರ ಬದಲಾಗುತ್ತದೆ. ರಬಕವಿ-ಬನಹಟ್ಟಿಯ ಮಗ್ಗದವನದು ಇನ್ನೂ ಕಷ್ಟ: ನೇಯ್ದಷ್ಟಕ್ಕೇ ಕೂಲಿ, ರಜೆ ಎಂಬ ಮಾತೇ ಇಲ್ಲ.

ಮುಷ್ಕರದ ದಿನ ಏನು ಮಾಡಬೇಕು? ಪಾಳಿ ಶುರುವಾಗುವ ಮೊದಲೇ ಸೂಪರ್‌ವೈಸರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ತಿಳಿಸಿ. ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ. ಗಳಿಕೆ ರಜೆ ಬಾಕಿ ಇದ್ದರೆ ಅದಕ್ಕೆ ಹೊಂದಿಸಲು, ಇಲ್ಲದಿದ್ದರೆ ವಾರದ ರಜೆಯಂದು ದುಡಿದು ಸರಿದೂಗಿಸಲು ಕೇಳಿ. ಸಿಟ್ಟಿಗೆ ಎಲ್ಲರೂ ಸೇರಿ ಮನೆಯಲ್ಲಿ ಕೂತುಬಿಟ್ಟೀರಿ, ಜೋಕೆ. ಹತ್ತು ಅಥವಾ ಹೆಚ್ಚು ಮಂದಿ ನೋಟಿಸ್, ಸಕಾರಣ ಎರಡೂ ಇಲ್ಲದೆ ಒಟ್ಟಾಗಿ ಗೈರಾದರೆ 8 ದಿನದವರೆಗಿನ ಪಗಾರ ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಒಬ್ಬೊಬ್ಬರೇ ಬಸ್ಸಿಲ್ಲದ ಕಾರಣ ಬರೆದು ಕಳಿಸಿದ್ದರೆ ಆ ತೊಡಕು ಬಾರದು.